ನೆತ್ತಿಯ ಮೇಲೆ ಗುರು, ಲ್ಯಾಪ್‌ಟಾಪಿನಲ್ಲಿ ಶನಿ

2027ರ ಫೆಬ್ರವರಿ 10ರ ರಾತ್ರಿ ಹನ್ನೆರಡೂವರೆಯ ಸುಮಾರಿಗೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಅಂಗಳಕ್ಕೆ ಬಂದು ಕತ್ತೆತ್ತಿದವರಿಗೆ ಗುರುಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೇ ಕಾಣುತ್ತದೆ. ನೆಟ್ಟ ನೇರದಿಂದ ಮೂರ್ನಾಲ್ಕು ಡಿಗ್ರಿಯಷ್ಟೇ ಅತ್ತಿತ್ತ. ಪಕ್ಕದಲ್ಲಿ ಮಘಾ ನಕ್ಷತ್ರ ಇರುತ್ತದೆ, ಆದರೆ ಗುರುವಿನ ಹೊಳಪಿನ ಮುಂದೆ ಅದು ಮಂಕು. ಅಂದು ಗುರು ನಮ್ಮ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುತ್ತಾನೆ. ಖಗೋಳದವರು ಇದನ್ನು ವಿಯುತಿ ಎನ್ನುತ್ತಾರೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಮೂಡಿ, ಬೆಳಗ್ಗೆ ಸೂರ್ಯ ಹುಟ್ಟುವಾಗ ಮುಳುಗುವ ಗ್ರಹ ಆ ವರ್ಷದಲ್ಲಿ ನಮಗೆ ಅತಿ ಹತ್ತಿರ ಬಂದಿರುತ್ತದೆ, ಅತಿ ದೊಡ್ಡದಾಗಿ ಕಾಣುತ್ತದೆ.

ಗುರು, ಶನಿಯಂಥ ದೈತ್ಯ ಗ್ರಹಗಳ ಚಿತ್ರ ತೆಗೆಯಬೇಕೆಂದು ಆಸೆಪಟ್ಟವರು ಮೊದಲು ಕೇಳುವುದು ದೂರದರ್ಶಕದ ಬೆಲೆ. ಕೇಳಬೇಕಾದ ಪ್ರಶ್ನೆ ಬೇರೆ: ಗ್ರಹ ಎಷ್ಟು ಎತ್ತರದಲ್ಲಿದೆ, ಗಾಳಿ ಎಷ್ಟು ನೆಮ್ಮದಿಯಾಗಿದೆ? ಈ ಎರಡರಲ್ಲಿ ಮಂಡ್ಯ ಸೀಮೆಯವರು ಪುಣ್ಯವಂತರು.

ಬೆಳಕವಾಡಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆಯಲ್ಲಿದೆ. ಗ್ರಹಗಳು ಆಕಾಶದಲ್ಲಿ ಸೂರ್ಯನ ಹಾದಿಯ ಅಕ್ಕಪಕ್ಕದಲ್ಲೇ ಸಾಗುವುದರಿಂದ ಇಲ್ಲಿ ಗುರುವಾಗಲಿ ಶನಿಯಾಗಲಿ ನಡು ಆಕಾಶ ದಾಟುವಾಗ ಯಾವ ವರ್ಷವೂ 50 ಡಿಗ್ರಿಗಿಂತ ಕೆಳಗಿರುವುದಿಲ್ಲ. ಲಂಡನ್ನಿನವರ ಪಾಡು ಹಾಗಲ್ಲ. 2019ರಲ್ಲಿ ಗುರು ದಕ್ಷಿಣದ ಕಡೆ ವಾಲಿದ್ದಾಗ ಅವರಿಗೆ ಅದು ದಿಗಂತದಿಂದ 16 ಡಿಗ್ರಿಯಷ್ಟೇ ಮೇಲೇರಿ ಮರ, ಮನೆಗಳ ಹಿಂದೆ ತೆವಳುತ್ತಿತ್ತು. ಅಷ್ಟು ಕೆಳಗಿನ ಗ್ರಹದ ಬೆಳಕು ನಮ್ಮ ಕಣ್ಣಿಗೆ ಬೀಳುವ ಮೊದಲು ಮೂರು ಪಟ್ಟಿಗೂ ಹೆಚ್ಚು ದಪ್ಪದ ಗಾಳಿಯನ್ನು ಹಾದು ಬರಬೇಕು. ಹೊಳೆಯ ತಳದಲ್ಲಿ ಬಿದ್ದ ಕಾಸು ನೀರಿನ ಅಲುಗಾಟಕ್ಕೆ ಹೇಗೆ ಕುಣಿಯುತ್ತದೋ ಹಾಗೆ ಗ್ರಹದ ಬಿಂಬವೂ ಕುಣಿಯುತ್ತದೆ. ಎಷ್ಟು ದೊಡ್ಡ ಮಸೂರವಿದ್ದರೂ ಆ ಕುಣಿತ ನಿಲ್ಲಿಸಲಾಗದು.

ಇದು ಬರೀ ಲೆಕ್ಕದ ಮಾತಲ್ಲ. ಫಿಲಿಪ್ಪೀನ್ಸಿನ ಸೆಬು ನಗರದ ಕ್ರಿಸ್ಟೋಫರ್ ಗೋ ಎಂಬ ಹವ್ಯಾಸಿ ಇದಕ್ಕೆ ಜೀವಂತ ಸಾಕ್ಷಿ. ಸೆಬು ಇರುವುದು 10 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ನಮ್ಮ ಮಳವಳ್ಳಿಯ ಹಾಗೆಯೇ. 2006ರ ಫೆಬ್ರವರಿಯಲ್ಲಿ ಆತ 11 ಇಂಚಿನ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ಗುರುವಿನ ಮೇಲೆ ಅದುವರೆಗೆ ಬೆಳ್ಳಗಿದ್ದ ‘ಓವಲ್ ಬಿಎ’ ಎಂಬ ಸುಳಿಗಾಳಿ ಕೆಂಪಗಾಗಿರುವುದನ್ನು ಕಂಡ. ಆಮೇಲೆ ಹಬಲ್ ದೂರದರ್ಶಕವೇ ಅತ್ತ ತಿರುಗಿತು. ಕಿರಿಯ ಕೆಂಪು ಕಲೆ ಎಂದು ಈಗ ಪುಸ್ತಕಗಳಲ್ಲಿ ಬರುವುದು ಅದೇ. 2010ರ ಜೂನ್ 3ರಂದು ಗುರುವಿಗೆ ಆಕಾಶದ ಕಲ್ಲೊಂದು ಬಡಿದು ಮಿಂಚಿದ ಎರಡು ಸೆಕೆಂಡಿನ ಬೆಳಕನ್ನು ಆಸ್ಟ್ರೇಲಿಯಾದ ಆಂಥೊನಿ ವೆಸ್ಲಿ ಸೆರೆಹಿಡಿದ. ಅದೇ ಹೊತ್ತಿನಲ್ಲಿ ಗೋ ಮಾಡಿದ್ದ ವಿಡಿಯೊದಲ್ಲೂ ಆ ಮಿಂಚು ಇತ್ತು. ಇಬ್ಬರೂ ವೃತ್ತಿಯಿಂದ ಖಗೋಳ ವಿಜ್ಞಾನಿಗಳಲ್ಲ.

ಕತ್ತಲೆ ಬೇಕಿಲ್ಲ, ತಂಪು ಬೇಕು

ಹಳ್ಳಿಯ ಆಕಾಶ ಎಂದರೆ ಕಪ್ಪು ಆಕಾಶ, ಅದಕ್ಕೇ ಒಳ್ಳೆಯದು ಎಂಬ ಮಾತು ಗೆಲಾಕ್ಸಿ, ನೀಹಾರಿಕೆಗಳಿಗೆ ಸರಿ. ಗ್ರಹಗಳಿಗೆ ಸಲ್ಲದು. ಉತ್ತರಕ್ಕೆ ಮಳವಳ್ಳಿ, ಹೊಳೆಯಾಚೆ ದಕ್ಷಿಣಕ್ಕೆ ಕೊಳ್ಳೇಗಾಲ, ಎರಡೂ ಕಡೆಯ ಬೆಳಕಿನ ಮಬ್ಬು ಬೆಳಕವಾಡಿಯ ದಿಗಂತದಲ್ಲಿ ಕಂಡರೂ ಗುರುವಿಗೆ ಏನೂ ಆಗುವುದಿಲ್ಲ. ಬೀದಿ ದೀಪದ ಕೆಳಗೆ ನಿಂತೂ ಗುರುವಿನ ಪಟ್ಟೆಗಳನ್ನು ನೋಡಬಹುದು. ಅಡ್ಡಿ ಬರುವುದು ಶಾಖ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿಯಿಡೀ ಬಿಸಿಗಾಳಿ ಬಿಡುತ್ತದೆ. ಮನೆಯ ಮೇಲೆ ಎತ್ತರ ಸಿಗುತ್ತದೆಂದು ತಾರಸಿ ಹತ್ತುವವರು ಅದನ್ನೇ ಮರೆಯುತ್ತಾರೆ. ಮಣ್ಣಿನ ಕಣ, ಹುಲ್ಲು ನೆಲ, ನೀರು ನಿಂತ ಗದ್ದೆಯ ಬದಿ ಇವು ಎಷ್ಟೋ ಮೇಲು. ಆಲೆಮನೆಯ ಹೊಗೆ ಬೀಸುವ ದಿಕ್ಕು, ಕಬ್ಬಿನ ತರಗಿಗೆ ಬೆಂಕಿ ಇಟ್ಟ ಹೊಲ, ಇವುಗಳ ಕೆಳಗಾಳಿಯಲ್ಲಿ ದೂರದರ್ಶಕ ಹೂಡಬಾರದು. ಚಳಿಗಾಲದಲ್ಲಿ ಕಾವೇರಿ ಬಯಲಿನ ಇಬ್ಬನಿ ಮಸೂರದ ಮೇಲೆ ಕೂರುತ್ತದೆ. ಅದನ್ನು ಪಂಚೆಯ ಅಂಚಿನಿಂದ ಒರೆಸಿದರೆ ಗೀರು ಖಂಡಿತ. ಮಸೂರದ ಮುಂದಕ್ಕೆ ಒಂದಡಿ ಚಾಚುವ ಹಾಗೆ ಕಪ್ಪು ಚಾರ್ಟ್ ಹಾಳೆಯ ಕೊಳವೆ ಸುತ್ತಿಟ್ಟರೆ ಇಬ್ಬನಿ ತಡವಾಗಿ ಕೂರುತ್ತದೆ.

ಇನ್ನೊಂದು ಸಣ್ಣ ಶಿಸ್ತು. ಮನೆಯೊಳಗಿನ ದೂರದರ್ಶಕವನ್ನು ಹೊರಗೆ ತಂದ ತಕ್ಷಣ ಕಣ್ಣಿಡಬಾರದು. ಅರ್ಧ ಗಂಟೆಯಿಂದ ಒಂದು ಗಂಟೆ ಹೊರಗಿಟ್ಟು ಕೊಳವೆಯೊಳಗಿನ ಗಾಳಿ ಹೊರಗಿನಷ್ಟೇ ತಣ್ಣಗಾಗಲು ಬಿಡಬೇಕು. ಹೊಸಬರ ಚಿತ್ರಗಳು ಮಸುಕಾಗುವುದರಲ್ಲಿ ಅರ್ಧ ಪಾಲು ಈ ಆತುರದ್ದು.

ಗ್ರಹ ಯಾವಾಗ ಎಲ್ಲಿ ಎಂದು ತಿಳಿಯಲು ಮೊಬೈಲಿನಲ್ಲಿ ಸ್ಟೆಲೇರಿಯಂ ಹಾಕಿಕೊಂಡರೆ ಸಾಕು. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗವಿದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಗುರು, ಶನಿ ಯಾವ ರಾಶಿಯಲ್ಲಿದ್ದಾರೆ ಎಂದು ಅದು ಹೇಳುತ್ತದೆ, ಆಕಾಶದ ಆ ಭಾಗ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಫಲಜ್ಯೋತಿಷ್ಯದ ಪುಟ ತಿರುವಬೇಕಾಗಿಲ್ಲ. ಶನಿಯ ವಿಯುತಿ 2026ರ ಅಕ್ಟೋಬರ್ 4ಕ್ಕೆ. ನಮ್ಮಲ್ಲಿ ಆಗ ಹಿಂಗಾರಿನ ಮೋಡ, ಹಾಗಾಗಿ ಆ ದಿನವೇ ಆಗಬೇಕೆಂದು ಹಟ ಬೇಡ. ಡಿಸೆಂಬರ್ ಮೊದಲ ವಾರ ರಾತ್ರಿ ಎಂಟರ ಸುಮಾರಿಗೆ ಶನಿ ನಡು ಆಕಾಶದಲ್ಲಿ ಎತ್ತರದಲ್ಲಿರುತ್ತಾನೆ, ಬಾನೂ ತಿಳಿಯಾಗಿರುತ್ತದೆ. ಗುರುವಿಗಾಗಿ ನಡುರಾತ್ರಿ ಏಳಲಾರದವರು 2027ರ ಏಪ್ರಿಲ್ ಮೊದಲ ವಾರಕ್ಕೆ ಕಾಯಬಹುದು. ಆಗ ರಾತ್ರಿ ಎಂಟೂವರೆಗೇ ನೆತ್ತಿಯ ಬಳಿ ಸಿಗುತ್ತಾನೆ.

ಎಷ್ಟರ ಸಾಮಾನು ಸಾಕು?

10×50 ಬೈನಾಕ್ಯುಲರ್ ಒಂದಿದ್ದರೆ ಗುರುವಿನ ನಾಲ್ಕು ದೊಡ್ಡ ಚಂದ್ರಗಳು ಕಾಣುತ್ತವೆ: ಇಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಕೈ ನಡುಗದಂತೆ ಗೋಡೆಗೋ ಮರಕ್ಕೋ ಆನಿಸಿಕೊಳ್ಳಬೇಕು. ಇಯೊ ಗುರುವನ್ನು ಸುತ್ತಲು 42 ಗಂಟೆ ಮೂವತ್ತು ನಿಮಿಷದಷ್ಟು ತೆಗೆದುಕೊಳ್ಳುತ್ತದೆ, ಕ್ಯಾಲಿಸ್ಟೊಗೆ ಹತ್ತಿರ ಹತ್ತಿರ 17 ದಿನ ಬೇಕು. ದಿನಾ ಒಂದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಡುತ್ತಾ ಹೋದರೆ ಮೂರು ವಾರದಲ್ಲಿ ಯಾವ ಚುಕ್ಕಿ ಯಾವ ಚಂದ್ರ ಎಂದು ಹೈಸ್ಕೂಲಿನ ಮಕ್ಕಳೇ ಹೇಳಬಲ್ಲರು. ಗೆಲಿಲಿಯೊ 1610ರಲ್ಲಿ ಮಾಡಿದ್ದೂ ಇದನ್ನೇ.

ಶನಿಯ ಬಳೆಗೆ ಬೈನಾಕ್ಯುಲರ್ ಸಾಲದು. ಇಪ್ಪತ್ತೈದು ಮೂವತ್ತು ಪಟ್ಟು ಹಿಗ್ಗಿಸುವ ದೂರದರ್ಶಕವಾದರೂ ಬೇಕು. ಅದರಲ್ಲೂ 2025ರ ಮಾರ್ಚ್‌ನಲ್ಲಿ ಬಳೆಗಳು ನಮಗೆ ಅಂಚು ತೋರಿಸಿ ಹೆಚ್ಚುಕಡಿಮೆ ಮಾಯವಾಗಿದ್ದವು. ಈಗ ಮೆಲ್ಲಗೆ ತೆರೆದುಕೊಳ್ಳುತ್ತಿವೆ, ಪೂರಾ ಅರಳಿ ಕಾಣಲು 2032ರವರೆಗೆ ತಾಳ್ಮೆ ಬೇಕು.

ಕೊಳ್ಳುವವರಿಗೆ ಒಂದು ಕಿವಿಮಾತು. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ಅಚ್ಚಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ದೂರದರ್ಶಕದ ತಾಕತ್ತು ಅದರ ಬಾಯಿಯ ಅಗಲದಲ್ಲಿದೆ, ಹಿಗ್ಗಿಸುವ ಪಟ್ಟಿನಲ್ಲಿಲ್ಲ. 6 ಅಥವಾ 8 ಇಂಚಿನ ಕನ್ನಡಿಯ ಡಾಬ್ಸೋನಿಯನ್, ಅಂದರೆ ಮರದ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ ಸರಳ ದೂರದರ್ಶಕ, ಒಂದು ಶಾಲೆಗೆ ಹತ್ತಾರು ವರ್ಷ ಬಾಳುತ್ತದೆ. ಕೊಳ್ಳುವ ಮೊದಲು ಒಮ್ಮೆ ಬೇರೆಯವರ ದೂರದರ್ಶಕದಲ್ಲಿ ನೋಡುವುದು ಜಾಣತನ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋದರೆ ಹವ್ಯಾಸಿಗಳ ಸಂಘಗಳ ಪರಿಚಯವೂ ಆಗುತ್ತದೆ.

ಚಿತ್ರ ತೆಗೆಯುವುದಕ್ಕೆ ಬರೋಣ. ವಿಯುತಿಯ ಹೊತ್ತಿನಲ್ಲೂ ಗುರುವಿನ ಬಿಲ್ಲೆ 45 ಆರ್ಕ್‌ಸೆಕೆಂಡ್ ಅಗಲ ಮಾತ್ರ. ಅಂದರೆ 1200 ಮಿಲಿಮೀಟರ್ ಸಂಗಮ ದೂರದ ದೂರದರ್ಶಕದೊಳಗೆ ಅದರ ಬಿಂಬ ಕಾಲು ಮಿಲಿಮೀಟರ್! ಆದ್ದರಿಂದ ಬಿಂಬವನ್ನು ಹಿಗ್ಗಿಸುವ ಬಾರ್ಲೋ ಮಸೂರವೋ ಸಣ್ಣ ಸಂಗಮ ದೂರದ ಐಪೀಸೋ ಬೇಕು. ಮೊಬೈಲನ್ನು ಐಪೀಸಿಗೆ ಬಿಗಿಯುವ ಹೋಲ್ಡರ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೊಬೈಲ್ ತನ್ನಷ್ಟಕ್ಕೆ ಬಿಟ್ಟರೆ ಕಪ್ಪು ಆಕಾಶ ಕಂಡು ಬೆಳಕು ಹೆಚ್ಚಿಸುತ್ತದೆ, ಗುರು ಬಿಳಿಯ ಉಂಡೆಯಾಗುತ್ತಾನೆ. ಪ್ರೊ ಮೋಡಿಗೆ ಹೋಗಿ ಐಎಸ್‌ಒ ತಗ್ಗಿಸಿ, ಷಟರ್ ವೇಗ ಹೆಚ್ಚಿಸಿ, ಪಟ್ಟೆಗಳು ಕಾಣತೊಡಗಿದ ಮೇಲೆ ಫೋಕಸ್ ಲಾಕ್ ಮಾಡಬೇಕು.

ಆಮೇಲೆ ಫೋಟೊ ತೆಗೆಯಬೇಡಿ, ವಿಡಿಯೊ ತೆಗೆಯಿರಿ. ಗುಟ್ಟಿರುವುದು ಇಲ್ಲೇ. ಒಂದು ನಿಮಿಷದ ವಿಡಿಯೊದಲ್ಲಿ 1800 ಚಿತ್ರಗಳಿರುತ್ತವೆ. ಗಾಳಿ ಒಂದು ಕ್ಷಣ ತಟಸ್ಥವಾದಾಗ ಬಿದ್ದ ಕೆಲವು ಮಾತ್ರ ಚೂಪಾಗಿರುತ್ತವೆ. ಆಟೋಸ್ಟಾಕರ್ಟ್ ಎಂಬ ಉಚಿತ ತಂತ್ರಾಂಶ ಅವನ್ನೆಲ್ಲ ಅಳೆದು, ಚೆನ್ನಾಗಿರುವ ನೂರಕ್ಕೆ ಹತ್ತಿಪ್ಪತ್ತನ್ನು ಆರಿಸಿ ಒಂದರ ಮೇಲೊಂದು ಜೋಡಿಸುತ್ತದೆ. ಮೊಬೈಲಿನ ವಿಡಿಯೊ ಅದಕ್ಕೆ ಒಗ್ಗದಿದ್ದರೆ ಪಿಐಪಿಪಿ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಹಾಯಿಸಿ ಕೊಡಬೇಕು. ಕೊನೆಗೆ ರೆಜಿಸ್ಟಾಕ್ಸ್ ಎಂಬ ತಂತ್ರಾಂಶದಲ್ಲಿ ವೇವ್‌ಲೆಟ್ ಗುಂಡಿಗಳನ್ನು ಮೆಲ್ಲನೆ ಸರಿಸಿದರೆ ಮಸುಕಿನೊಳಗಿಂದ ಪಟ್ಟೆಗಳ ಅಂಚು ಎದ್ದುಬರುತ್ತದೆ. ಇಲ್ಲಿ ಆಸೆಬುರುಕತನ ಕೂಡದು. ಗುಂಡಿ ಅತಿಯಾಗಿ ಎಳೆದರೆ ಗ್ರಹದ ಅಂಚಿನಲ್ಲಿ ಇಲ್ಲದ ಬಳೆ ಹುಟ್ಟುತ್ತದೆ. ಸಾಮಾಜಿಕ ಜಾಲದಲ್ಲಿ ಅಂಥ ಚಿತ್ರಗಳಿಗೇನೂ ಬರವಿಲ್ಲ.

ವಿಡಿಯೊ ಎರಡು ಮೂರು ನಿಮಿಷ ದಾಟಬಾರದು. ಗುರು 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ತಿರುಗಿಬಿಡುತ್ತಾನೆ. ಅಷ್ಟು ದೊಡ್ಡ ಶರೀರ ಅಷ್ಟು ಬಿರುಸಾಗಿ ತಿರುಗುವಾಗ ಹೊತ್ತು ಮೀರಿದರೆ ಚಿತ್ರ ಕಲಸಿಹೋಗುತ್ತದೆ.

ಕಾವಲೂರಿನ ಗೆರೆ

ದೈತ್ಯ ಗ್ರಹಗಳ ಅಧ್ಯಯನದಲ್ಲಿ ನಮ್ಮ ನೆರೆಯ ಹೆಸರೂ ಇದೆ, ಚಿತ್ರವೇ ಇಲ್ಲದ ಕಥೆಯಾಗಿ. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಅದನ್ನು ಕಟ್ಟಿದವರು ಎಂ.ಕೆ. ವೇಣು ಬಾಪು. 1972ರಲ್ಲಿ ಅಲ್ಲಿ ಜರ್ಮನಿಯ ಕಾರ್ಲ್ ಜೀಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಆಗಷ್ಟೇ ಬಂದು ನಿಂತಿತ್ತು. ಆ ವರ್ಷದ ಜೂನ್ 7ರಂದು ಗುರುವಿನ ಚಂದ್ರ ಗ್ಯಾನಿಮೀಡ್ ಒಂದು ಮಸುಕು ನಕ್ಷತ್ರದ ಮುಂದೆ ಹಾಯುವುದಿತ್ತು. ಇಂಡೋನೇಷ್ಯಾದ ಲೆಂಬಾಂಗ್ ಮತ್ತು ಕಾವಲೂರು, ಎರಡು ಕಡೆಯಿಂದ ನಕ್ಷತ್ರದ ಬೆಳಕನ್ನು ಅಳೆದರು. ಗಾಳಿಯಿಲ್ಲದ ಬರಡು ಉಂಡೆ ಅಡ್ಡ ಬಂದರೆ ನಕ್ಷತ್ರ ದೀಪ ಆರಿಸಿದ ಹಾಗೆ ಮರೆಯಾಗಬೇಕು. ಹಾಗಾಗದೆ ಬೆಳಕು ಇಳಿಜಾರಿನಲ್ಲಿ ಕುಗ್ಗಿತು. ಗ್ಯಾನಿಮೀಡಿಗೆ ತೆಳು ವಾತಾವರಣವಿದೆ ಎಂಬ ಪ್ರಬಂಧ ಮರುವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 1979ರಲ್ಲಿ ವಾಯೇಜರ್ 1 ನೌಕೆ ಹತ್ತಿರದಿಂದ ಅಳೆದಾಗ ಆ ವಾತಾವರಣ ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ತೆಳು ಎಂದು ಗೊತ್ತಾಯಿತು. 1990ರ ದಶಕದಲ್ಲಿ ಹಬಲ್ ಅಲ್ಲಿ ಆಮ್ಲಜನಕದ ಹೊಳಪನ್ನು ಕಂಡಿತು.

ಅದೇ ದೂರದರ್ಶಕ 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಕಡೆ ತಿರುಗಿತ್ತು. ಅಂದು ಯುರೇನಸ್ಸೂ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರ ಕಾಗದದ ಸುರುಳಿಯಲ್ಲಿ ಬೆಳಕಿನ ಗೆರೆ, ಗ್ರಹ ಇನ್ನೂ ದೂರವಿರುವಾಗಲೇ, ಒಮ್ಮೆ ಕುಸಿದು ಎದ್ದಿತು. ಯುರೇನಸ್ಸಿನ ಹೊಸ ಉಪಗ್ರಹ ಎಂದು ಅವರು ‘ನೇಚರ್’ಗೆ ಬರೆದರು. ಆ ರಾತ್ರಿ ಅಮೆರಿಕದ ಜೇಮ್ಸ್ ಎಲಿಯಟ್ ತಂಡ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತಾ ಇಂಥವೇ ಕುಸಿತಗಳನ್ನು ಗ್ರಹದ ಎರಡೂ ಬದಿಗೆ ಕಂಡಿತ್ತು. ಎರಡು ಕಡೆಯ ಲೆಕ್ಕ ಕೂಡಿದಾಗ ಅದು ಚಂದ್ರನಲ್ಲ, ಬಳೆ ಎಂದು ಸ್ಪಷ್ಟವಾಯಿತು. ಶನಿಯ ಆಚೆಗೂ ಬಳೆ ತೊಟ್ಟ ಗ್ರಹವಿದೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಆ ಬಳೆಗಳ ಹತ್ತಿರದ ಚಿತ್ರ ಸಿಕ್ಕಿದ್ದು ಒಂಬತ್ತು ವರ್ಷ ಕಳೆದು, 1986ರ ಜನವರಿಯಲ್ಲಿ ವಾಯೇಜರ್ 2 ಅಲ್ಲಿ ಹಾದಾಗ.

ನೌಕೆ ಕಳಿಸುವುದು ಬಣ್ಣದ ಚಿತ್ರವಲ್ಲ

ಪತ್ರಿಕೆಗಳಲ್ಲಿ ಬರುವ ಝಗಮಗಿಸುವ ಗುರು, ಶನಿಗಳನ್ನು ನೌಕೆ ಹಾಗೆಯೇ ಕ್ಲಿಕ್ಕಿಸಿ ಕಳಿಸಿದೆ ಎಂದು ಬಹುಮಂದಿ ನಂಬಿದ್ದಾರೆ. ವಾಯೇಜರ್ ಕಳಿಸಿದ್ದು 800×800 ಚುಕ್ಕೆಗಳ ಕಪ್ಪು ಬಿಳುಪು ಚಿತ್ರ. 2004ರಿಂದ 2017ರ ಸೆಪ್ಟೆಂಬರ್ 15ರವರೆಗೆ ಶನಿಯನ್ನು ಸುತ್ತಿದ ಕಸ್ಸಿನಿಯದ್ದೂ ಕಪ್ಪು ಬಿಳುಪೇ, 1024×1024 ಚುಕ್ಕೆ. ಕ್ಯಾಮೆರಾದ ಮುಂದೆ ಕೆಂಪು ಗಾಜು ಇಟ್ಟು ಒಂದು, ಹಸಿರು ಇಟ್ಟು ಒಂದು, ನೀಲಿ ಇಟ್ಟು ಒಂದು. ಮೂರನ್ನೂ ಭೂಮಿಯಲ್ಲಿ ಯಾರೋ ಕೂಡಿಸಬೇಕು. ಆ ‘ಯಾರೋ’ ಮಳವಳ್ಳಿಯ ಕಾಲೇಜು ಹುಡುಗಿಯೂ ಆಗಬಹುದು ಎಂಬುದೇ ಈ ಲೇಖನದ ತಿರುಳು. ಮೂಲ ಚಿತ್ರಗಳನ್ನು ನಾಸಾ ಎಲ್ಲರಿಗೂ ಬಿಟ್ಟುಕೊಟ್ಟಿದೆ, ಹಣ ಕೊಡಬೇಕಿಲ್ಲ.

ಬಿಟ್ಟುಕೊಟ್ಟದ್ದರ ಫಲ ಏನೆಂಬುದಕ್ಕೆ ಜೂನೋ ನೌಕೆಯೇ ಉದಾಹರಣೆ. 2011ರ ಆಗಸ್ಟ್ 5ರಂದು ಹಾರಿ 2016ರ ಜುಲೈನಲ್ಲಿ ಗುರುವನ್ನು ಸೇರಿದ ಜೂನೋದ ಮುಖ್ಯ ವಿಜ್ಞಾನ ಉಪಕರಣಗಳಲ್ಲಿ ಹಲವು ಗುರುತ್ವ, ಕಾಂತಕ್ಷೇತ್ರ, ಮೈಕ್ರೋವೇವ್ ಅಳೆಯುವಂಥವು. ಜೂನೋಕ್ಯಾಮ್ ಎಂಬ ಕ್ಯಾಮೆರಾವನ್ನು ಸೇರಿಸಿದ್ದು ಮುಖ್ಯವಾಗಿ ಜನಸಾಮಾನ್ಯರಿಗಾಗಿ. ಚಿತ್ರಗಳನ್ನು ಸಂಸ್ಕರಿಸುವ ಕೆಲಸದ ಬಹುಪಾಲನ್ನು ಹವ್ಯಾಸಿಗಳಿಗೇ ಬಿಟ್ಟರು. ಕೆವಿನ್ ಗಿಲ್, ಗೆರಾಲ್ಡ್ ಐಕ್‌ಸ್ಟಾಟ್, ಷಾನ್ ಡೋರನ್ ಮುಂತಾದವರು ತಯಾರಿಸಿದ ಚಿತ್ರಗಳನ್ನೇ ನಾಸಾ ತನ್ನ ಪ್ರಕಟಣೆಗಳಲ್ಲಿ ಅವರ ಹೆಸರು ಹಾಕಿ ಹೊರಡಿಸುತ್ತದೆ. ಜೇಮ್ಸ್ ವೆಬ್ ದೂರದರ್ಶಕದ ಗುರು ಚಿತ್ರಗಳು 2022ರ ಆಗಸ್ಟಿನಲ್ಲಿ ಹೊರಬಂದಾಗ ಅವನ್ನು ಸಂಸ್ಕರಿಸಿದವರು ಜೂಡಿ ಶ್ಮಿಟ್ ಎಂಬ ಹವ್ಯಾಸಿ.

ಜೂನೋ ನಿಮಿಷಕ್ಕೆ ಎರಡು ಬಾರಿ ಬುಗುರಿಯಂತೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ಜೂನೋಕ್ಯಾಮ್ ಒಂದೇ ಸಲಕ್ಕೆ ಪೂರ್ತಿ ಚಿತ್ರ ತೆಗೆಯಲಾರದು. ಅದರ ಸಂವೇದಕದ ಮೇಲೆಯೇ ಕೆಂಪು, ಹಸಿರು, ನೀಲಿ ಮತ್ತು ಮೀಥೇನ್ ಎಂಬ ನಾಲ್ಕು ಪಟ್ಟಿಗಳನ್ನು ಅಂಟಿಸಿದ್ದಾರೆ. ನೌಕೆ ತಿರುಗಿದಂತೆ ಗುರುವಿನ ಒಂದೊಂದು ಸೀಳು ಒಂದೊಂದು ಪಟ್ಟಿಯ ಕೆಳಗೆ ಹಾಯುತ್ತದೆ. 1648 ಚುಕ್ಕೆ ಅಗಲ, 128 ಚುಕ್ಕೆ ಎತ್ತರದ ಇಂಥ ತುಂಡುಗಳ ಉದ್ದನೆಯ ಸಾಲು ಭೂಮಿಗೆ ಬರುತ್ತದೆ. ಅದನ್ನು ಮೊದಲ ಸಲ ತೆರೆದವರು ಫೈಲು ಕೆಟ್ಟಿದೆಯೆಂದುಕೊಳ್ಳುವುದು ಸಹಜ. ಗುರುವಿನ ಬೆನ್ನು ಹಪ್ಪಳ ಮುರಿದಂತೆ ತುಂಡು ತುಂಡಾಗಿ, ಒಂದೇ ಸುಳಿ ಮೂರು ಮೂರು ಸಲ ಕಾಣಿಸುತ್ತದೆ.

ಹೊಸಬರು ಆ ತುಂಡುಗಳಿಗೆ ಕೈ ಹಾಕುವುದು ಬೇಡ. ಮಿಷನ್ ಜೂನೋ ತಾಣದ ಜೂನೋಕ್ಯಾಮ್ ವಿಭಾಗದಲ್ಲಿ ಒಂದೊಂದು ಚಿತ್ರಕ್ಕೂ ಮೂಲ ಪಟ್ಟಿಗಳ ಜೊತೆಗೆ ಕೆಂಪು, ಹಸಿರು, ನೀಲಿ ಎಂದು ಬೇರ್ಪಡಿಸಿದ ಫೈಲುಗಳನ್ನೂ ಜಿಪ್ ಮಾಡಿ ಇಟ್ಟಿರುತ್ತಾರೆ. ಇಳಿಸಿಕೊಂಡು ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಮೂರನ್ನೂ ತೆರೆಯಿರಿ. ಕಲರ್ಸ್ ಪಟ್ಟಿಯೊಳಗೆ ಕಾಂಪೊನೆಂಟ್ಸ್, ಅದರೊಳಗೆ ಕಂಪೋಸ್. ಅಲ್ಲಿ ಆರ್‌ಜಿಬಿ ಆರಿಸಿ, ಯಾವ ಫೈಲು ಯಾವ ಬಣ್ಣಕ್ಕೆ ಎಂದು ಹೇಳಿದರೆ ಬಣ್ಣದ ಗುರು ಎದುರಿಗೆ ಬರುತ್ತಾನೆ. ಬಂದದ್ದು ಮಂಕಾಗಿ, ತುಸು ಹಳದಿ ಬೂದಿಯಾಗಿ ಕಂಡರೆ ಗಾಬರಿ ಬೇಡ. ಗುರು ಇರುವುದೇ ಹೆಚ್ಚುಕಡಿಮೆ ಹಾಗೆ. ಲೆವೆಲ್ಸ್‌ನಲ್ಲಿ ಕಪ್ಪು ಬಿಳುಪಿನ ತುದಿಗಳನ್ನು ಒಳಕ್ಕೆ ಎಳೆದಂತೆ ಸುಳಿಗಳು ಎದ್ದು ನಿಲ್ಲುತ್ತವೆ. ಶುರುಮಾಡಲು ಒಳ್ಳೆಯ ದಿನಾಂಕಗಳೆಂದರೆ ಗ್ಯಾನಿಮೀಡ್ ಬಳಿ ಹಾದ 2021ರ ಜೂನ್ 7, ಯುರೋಪಾ ಬಳಿ ಹಾದ 2022ರ ಸೆಪ್ಟೆಂಬರ್ 29, ಜ್ವಾಲಾಮುಖಿಗಳ ಇಯೊ ಬಳಿ 1,500 ಕಿಲೋಮೀಟರಿನಷ್ಟು ಹತ್ತಿರ ಹಾದ 2023ರ ಡಿಸೆಂಬರ್ 30. ಮೊದಲನೆಯದು ಕಾವಲೂರಿನ ಆ ವೀಕ್ಷಣೆಗೆ ದಿನಕ್ಕೆ ದಿನ ಸರಿಯಾಗಿ 49 ವರ್ಷ ತುಂಬಿದ ದಿನ.

ಕಸ್ಸಿನಿಯ ಭಂಡಾರ ಇನ್ನೂ ದೊಡ್ಡದು, ನಾಲ್ಕೂವರೆ ಲಕ್ಷ ಚಿತ್ರ. ಅದರ ಕಚ್ಚಾ ಚಿತ್ರಗಳ ಹೆಸರು ಎನ್ ಅಕ್ಷರದಿಂದ ಶುರುವಾದರೆ ದೂರವನ್ನು ಹತ್ತಿರ ತರುವ ಕ್ಯಾಮೆರಾದ್ದು, ಡಬ್ಲ್ಯು ಆದರೆ ಅಗಲ ನೋಟದ್ದು. ಜೊತೆಯಲ್ಲಿ ಯಾವ ಫಿಲ್ಟರ್ ಎಂದೂ ಬರೆದಿರುತ್ತದೆ. ಆರ್‌ಇಡಿ, ಜಿಆರ್‌ಎನ್, ಬಿಎಲ್1 ಎಂಬ ಮೂರು ಒಂದರ ಹಿಂದೊಂದು ತೆಗೆದಿರುವ ಕಡೆ ಹುಡುಕಿ. ಎಂಟಿ ಎಂದಿದ್ದರೆ ಅದು ಮೀಥೇನ್ ಅನಿಲ ಹೀರುವ ಬೆಳಕು, ಕಣ್ಣಿನ ಬಣ್ಣಕ್ಕೆ ಹೊಂದದು. ಎರಡು ಚಿತ್ರಗಳ ನಡುವೆ ಚಂದ್ರ ಸ್ವಲ್ಪ ಸರಿದಿದ್ದರೆ ಅದರ ಅಂಚಿಗೆ ಕೆಂಪು, ನೀಲಿ ಕಟ್ಟು ಬರುತ್ತದೆ. ಜಿಂಪ್‌ನಲ್ಲಿ ಆ ಒಂದು ಪದರವನ್ನು ಕೈಯಿಂದಲೇ ಚೂರು ಸರಿಸಿ ಕೂರಿಸಬೇಕು. ಬೇಸರದ ಕೆಲಸ, ಆದರೆ ಕಣ್ಣು ಪಳಗುವುದು ಅಲ್ಲಿಯೇ.

ಕಚ್ಚಾ ಚಿತ್ರವನ್ನು ಗಮನವಿಟ್ಟು ನೋಡುವವರಿಗೆ ಏನು ಸಿಕ್ಕೀತು ಎಂಬುದನ್ನು ಲಿಂಡಾ ಮೊರಾಬಿಟೊ ತೋರಿಸಿಕೊಟ್ಟಿದ್ದಾರೆ. ವಾಯೇಜರ್ ತಂಡದಲ್ಲಿ ಅವರ ಕೆಲಸ ನೌಕೆಯ ದಾರಿ ಲೆಕ್ಕ ಹಾಕುವುದು. 1979ರ ಮಾರ್ಚ್ 8ರಂದು ಹಿನ್ನೆಲೆಯ ನಕ್ಷತ್ರಗಳು ಕಾಣಲೆಂದು ಇಯೊವಿನ ಚಿತ್ರವನ್ನು ಬೇಕೆಂದೇ ಹೆಚ್ಚು ಬೆಳಕು ಬಿಟ್ಟು ತೆಗೆಯಲಾಗಿತ್ತು. ಮರುದಿನ ಅದನ್ನು ಹಿಗ್ಗಿಸಿ ನೋಡುವಾಗ ಇಯೊವಿನ ಅಂಚಿನಾಚೆ ಛತ್ರಿಯಾಕಾರದ ಮಬ್ಬೊಂದು ಕಂಡಿತು. ಭೂಮಿಯ ಹೊರಗೆ ಈಗಲೂ ಉಗುಳುತ್ತಿರುವ ಜ್ವಾಲಾಮುಖಿಯನ್ನು ಮನುಷ್ಯರು ಮೊದಲು ಕಂಡದ್ದು ಅಂದು.

ಇಸ್ರೋದ ಚಿತ್ರಗಳು ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ, ಚಂದ್ರಯಾನ, ಮಂಗಳಯಾನಗಳ ಮಾಹಿತಿ ಅದರ ಮೂಲಕ ಬಂದಿದೆ. ಆ ಚಿತ್ರಗಳು ‘ಪ್ರದಾನ್’ ಎಂಬ ತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಸಿಗುತ್ತವೆ. ಗುರು, ಶನಿಗಳತ್ತ ಮಾತ್ರ ನಮ್ಮ ನೌಕೆ ಇನ್ನೂ ಹೊರಟಿಲ್ಲ.

ಬಣ್ಣ ನಂಬುವ ಮುನ್ನ

ಶಾಲೆಯ ಗೋಡೆಗಳ ಮೇಲಿನ ಸೌರವ್ಯೂಹದ ಪಟದಲ್ಲಿ ನೆಪ್ಚೂನ್ ಕಡುನೀಲಿ, ಯುರೇನಸ್ ತಿಳಿ ಹಸಿರುನೀಲಿ. 1989ರ ಆಗಸ್ಟಿನಲ್ಲಿ ವಾಯೇಜರ್ 2 ಕಳಿಸಿದ ನೆಪ್ಚೂನ್ ಚಿತ್ರಗಳಲ್ಲಿ ಮೋಡಗಳು ಕಾಣಲೆಂದು ಬಣ್ಣವನ್ನು ಗಾಢ ಮಾಡಿದ್ದರು. ಆಗ ಅದನ್ನು ಹೇಳಿಯೂ ಇದ್ದರು. ಕಾಲ ಕಳೆದಂತೆ ಅಡಿಟಿಪ್ಪಣಿ ಉದುರಿತು, ಕಡುನೀಲಿ ಮಾತ್ರ ಉಳಿಯಿತು. ಆಕ್ಸ್‌ಫರ್ಡ್‌ನ ಪ್ಯಾಟ್ರಿಕ್ ಇರ್ವಿನ್ ತಂಡ ಹಬಲ್ ಮತ್ತು ಚಿಲಿಯ ವಿಎಲ್‌ಟಿ ದೂರದರ್ಶಕಗಳ ಅಳತೆಯಿಂದ 2024ರ ಜನವರಿಯಲ್ಲಿ ತೋರಿಸಿದ ಪ್ರಕಾರ ಎರಡೂ ಗ್ರಹಗಳ ಬಣ್ಣ ಬಹುಮಟ್ಟಿಗೆ ಒಂದೇ, ತಿಳಿ ಹಸಿರು ಬೆರೆತ ನೀಲಿ. ನೆಪ್ಚೂನ್ ಒಂದು ಚೂರು ಹೆಚ್ಚು ನೀಲಿ, ಅಷ್ಟೆ. ವೆಬ್ ದೂರದರ್ಶಕದ ಗುರುವಂತೂ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನದು. ಅದರ ಬಣ್ಣಗಳೆಲ್ಲ ಮನುಷ್ಯರು ಆರಿಸಿ ಕೊಟ್ಟವು. ಹೀಗೆ ಬಣ್ಣ ಕೊಡುವುದು ಮೋಸವಲ್ಲ. ಕೊಟ್ಟದ್ದನ್ನು ಹೇಳದಿರುವುದು ಮೋಸ.

ಅಳತೆಗಾಗಿ ಚಿತ್ರ ಮಾಡುವವರಿಗೆ ಬಣ್ಣಕ್ಕಿಂತ ಆಕಾರ ಮುಖ್ಯ. ಗುರುವಿನ ದೊಡ್ಡ ಕೆಂಪು ಕಲೆಯ ಉದ್ದ 1800ರ ದಶಕದ ಕೊನೆಯಲ್ಲಿ ಸುಮಾರು 41,000 ಕಿಲೋಮೀಟರ್ ಇತ್ತೆಂದು ಅಂದಾಜು. ವಾಯೇಜರ್ ಕಂಡಾಗ 23,000 ಚಿಲ್ಲರೆ, 2014ರಲ್ಲಿ ಹಬಲ್ ಅಳೆದಾಗ 16,500. ಗುರುವಿನ ನಡುವಿನ ಅಗಲ 1,43,000 ಕಿಲೋಮೀಟರಿಗೆ ಹತ್ತಿರ. ನಿಮ್ಮ ಚಿತ್ರದಲ್ಲಿ ಕಲೆ ಬಿಲ್ಲೆಯ ನಡುವಿಗೆ ಬಂದಾಗ ಕಲೆಯ ಉದ್ದ, ಬಿಲ್ಲೆಯ ಅಗಲ ಎರಡನ್ನೂ ಚುಕ್ಕೆಗಳಲ್ಲಿ ಎಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1,43,000ದಿಂದ ಗುಣಿಸಿದರೆ ಕಲೆಯ ಇಂದಿನ ಉದ್ದ ಸಿಗುತ್ತದೆ. ಎಸ್ಸೆಸ್ಸೆಲ್ಸಿಯ ಗಣಿತ ಸಾಕು. ಹಬಲ್ ವರ್ಷಕ್ಕೊಮ್ಮೆ ತೆಗೆಯುವ ದೈತ್ಯ ಗ್ರಹಗಳ ಪೂರ್ಣ ನಕ್ಷೆಗಳು ಒಪಲ್ ಯೋಜನೆಯ ಹೆಸರಿನಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಅಳತೆಯನ್ನು ಅವುಗಳ ಜೊತೆ ಇಟ್ಟು ನೋಡಬಹುದು.

ಮುಂದಿನ ದೊಡ್ಡ ಸುಗ್ಗಿ ದೂರವಿಲ್ಲ. ಯುರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ಗೆ, ಯುರೋಪಿನ ಜೂಸ್ ನೌಕೆ 2031ರ ಜುಲೈಗೆ ಗುರುವನ್ನು ಸೇರಬೇಕಿದೆ. ಅಷ್ಟರೊಳಗೆ ಕೈ ಪಳಗಿಸಿಕೊಳ್ಳುವ ಆಸೆಯಿದ್ದವರು, ಅದರಲ್ಲೂ ಶಾಲೆಗಳ ಮೇಷ್ಟ್ರುಗಳು, ಒಂದು ಕೆಲಸವನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು. ಪ್ರತಿ ಚಿತ್ರದ ಕೆಳಗೆ ದಿನಾಂಕ, ಫಿಲ್ಟರ್, ಬಳಸಿದ ಸಾಧನ, ನೌಕೆಯದ್ದಾದರೆ ಮೂಲ ಫೈಲಿನ ಸಂಖ್ಯೆ ಮತ್ತು ನಾಸಾದ ಹೆಸರು ಬರೆಯಿರಿ. ಹೊತ್ತನ್ನು ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಅಂತರರಾಷ್ಟ್ರೀಯ ಕಾಲದಲ್ಲೇ ಬರೆಯಿರಿ. ಹೊತ್ತು ಬರೆಯದ ಗುರುವಿನ ಚಿತ್ರ ಎಷ್ಟೇ ಚೆಂದವಿದ್ದರೂ ವೀಕ್ಷಕರ ಸಂಘಗಳ ದಾಖಲೆಗೆ ಉಪಯೋಗಕ್ಕೆ ಬರುವುದಿಲ್ಲ.